ಓಡಿದರೆ ಬಾರದ ನೋವು

ಶ್ರೀರಾಂಪುರದಿಂದ ಬೆಳಿಗ್ಗೆ ಎಂಟಕ್ಕೆ ಹೊರಡುವ ಸಿಟಿ ಬಸ್ಸಿನ ಡ್ರೈವರ್ ಎಂದರೆ ಶಾಲಿನಿಗೆ ಆಗುತ್ತಿರಲಿಲ್ಲ. ಹೆಸರು ಗೊತ್ತಿರಲಿಲ್ಲ, ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಗೊತ್ತಿದ್ದದ್ದು ಅವರ ಗಂಟಲು ಮಾತ್ರ. ಅಡ್ಡ ಬಂದ ಸ್ಕೂಟರಿಗೆ ಒಂದು ಬೈಗುಳ, ಮೆಟ್ಟಿಲ ಮೇಲೆ ಜೋತಾಡುವ ಕಾಲೇಜು ಹುಡುಗರಿಗೆ ಒಂದು, ಹಸಿರು ದೀಪ ಬಿದ್ದರೂ ಕದಲದ ಕಾರಿಗೆ ಎರಡು. ಅಗ್ರಹಾರ ವೃತ್ತ ಬರುವಷ್ಟರಲ್ಲಿ ಇಡೀ ಬಸ್ಸಿಗೆ ತಲೆನೋವು. ಒಮ್ಮೆ ಶಾಲಿನಿ ತಡವಾಗಿ, ಸಿಗ್ನಲ್ಲಿನಲ್ಲಿ ನಿಂತಿದ್ದ ಬಸ್ಸನ್ನು ಓಡಿಬಂದು ಹತ್ತಿದಾಗ, "ಇದೇನು ಬಸ್ಸಾ, ನಿಮ್ಮನೆ ಪಡಸಾಲೇನಾ? ಸ್ಟಾಪು ಅಂತ ಯಾತಕ್ಕೆ ಮಡಗವ್ರೆ?" ಎಂದು ಐವತ್ತು ಜನರ ಎದುರು ಗದರಿದ್ದರು. ಅವತ್ತಿನಿಂದ ಅವಳು ಎಂಟರ ಬಸ್ಸು ಬಿಟ್ಟು ಎಂಟೂಕಾಲಿನದಕ್ಕೆ ಹೋಗತೊಡಗಿದಳು.

ನಜರ್‌ಬಾದಿನ ಒಂದು ಹೃದಯ ಚಿಕಿತ್ಸಾಲಯದಲ್ಲಿ ಶಾಲಿನಿ ಟೆಕ್ನೀಷಿಯನ್. ಹನ್ನೊಂದು ವರ್ಷದಿಂದ ಟ್ರೆಡ್‌ಮಿಲ್ ಕೋಣೆ ಅವಳದೇ ರಾಜ್ಯ. ಬಂದವರ ಎದೆಗೆ ವೈರು ಅಂಟಿಸುವುದು, ಓಡುವ ಪಟ್ಟಿಯ ಮೇಲೆ ನಿಲ್ಲಿಸುವುದು, ಮೂರು ನಿಮಿಷಕ್ಕೊಮ್ಮೆ ವೇಗ ಏರಿಸುವುದು, ಪರದೆಯ ಮೇಲೆ ಓಡುವ ಗೆರೆಯನ್ನು ಕಣ್ಣು ಕೀಳದೆ ನೋಡುವುದು. ಗೆರೆ ತನ್ನ ಮಟ್ಟ ಬಿಟ್ಟು ಕುಸಿದರೆ ಹೃದಯಕ್ಕೆ ರಕ್ತ ಸಾಲುತ್ತಿಲ್ಲವೆಂದು ಅರ್ಥ. ಕುಸಿಯದಿದ್ದರೆ 'ನಾರ್ಮಲ್'. ಡಾಕ್ಟರ ಸಹಿ, ಫೈಲು ಮುಚ್ಚು, ಮುಂದಿನವರನ್ನು ಕರೆ.

ಒಂದು ಸೋಮವಾರ ಹೀಗೆ ಕರೆದಾಗ ಒಳಗೆ ಬಂದವರು ಖಾಕಿ ಷರಟಿನ, ಐವತ್ತಾರು ವಯಸ್ಸಿನ ಕೆಂಪಯ್ಯ. ಗಟ್ಟಿಮುಟ್ಟಾದ ಆಳು, ನರೆತ ಮೀಸೆ. ಬಾಗಿಲಲ್ಲೇ ನಿಂತು, "ಮೇಡಂ, ಚಪ್ಲಿ ಆಚೇಲೇ ಬುಡ್ಬೇಕಾ?" ಎಂದರು. ಆ ಗಂಟಲು ಕೇಳಿದ್ದೇ ಶಾಲಿನಿಗೆ ಗೊತ್ತಾಯಿತು. ಎಂಟರ ಬಸ್ಸು! ಆದರೆ ಬಸ್ಸಿನಲ್ಲಿ ಗುಡುಗುವ ಮನುಷ್ಯ ಇಲ್ಲಿ ಪರೀಕ್ಷೆ ಬರೆಯಲು ಬಂದವರ ಹಾಗೆ ಕೈಕಟ್ಟಿ ನಿಂತಿದ್ದರು. ಅವಳ ಗುರುತು ಅವರಿಗೆ ಇದ್ದಂತಿರಲಿಲ್ಲ.

ವಿಷಯ ಇಷ್ಟೇ. ಹಿಂದಿನ ವಾರ ಬಸ್ಸು ಓಡಿಸುವಾಗ ಅವರ ಎದೆ ಹಿಡಿದುಕೊಂಡಂತಾಗಿ ಬದಿಗೆ ನಿಲ್ಲಿಸಿದ್ದರು. ಕಂಡಕ್ಟರ್ ಡಿಪೊಗೆ ಹೇಳಿದ. ಡಿಪೊದವರು, ತಪಾಸಣೆ ಮಾಡಿಸಿಕೊಂಡು ವರದಿ ತಂದರೆ ಮಾತ್ರ ಡ್ಯೂಟಿ ಎಂದರು.

ಕೆಂಪಯ್ಯ ಪಟ್ಟಿಯ ಮೇಲೆ ಹತ್ತೂವರೆ ನಿಮಿಷ ನಡೆದು, ಕೊನೆಗೆ ಓಡಿದರು. ಬೆವರಿದರು, ಏದುಸಿರು ಬಂತು, ಆದರೆ ನೋವು ಬರಲಿಲ್ಲ. ಗೆರೆ ಒಂದು ಕೂದಲೆಳೆಯಷ್ಟೂ ಕುಸಿಯಲಿಲ್ಲ. ನಲವತ್ತರವರೂ ಇಷ್ಟು ಓಡುವುದಿಲ್ಲ ಎಂದು ಶಾಲಿನಿ ಮನಸ್ಸಿನಲ್ಲೇ ಅಂದುಕೊಂಡಳು. ವರದಿಯನ್ನು ಕೈಗಿಟ್ಟು, "ನಾರ್ಮಲ್ ಇದೆ ಸಾರ್. ಧೈರ್ಯವಾಗಿ ಹೋಗಿ," ಎಂದಳು. ಅವರು ಅದನ್ನು ಮಡಿಸದೆ, ಎರಡು ಕೈಯಲ್ಲೂ ಹಿಡಿದು ಹೊರಟುಹೋದರು.

ಮರುದಿನ ಹನ್ನೊಂದರ ಹೊತ್ತಿಗೆ ಶಾಲಿನಿ ಕೋಣೆಯಿಂದ ಹೊರಗೆ ಬಂದರೆ, ಕಾರಿಡಾರಿನ ಬೆಂಚಿನ ಮೇಲೆ ಕೆಂಪಯ್ಯ ಕೂತಿದ್ದರು. ಕೈಯಲ್ಲಿ ಅದೇ ವರದಿ.

"ಏನಾಯ್ತು ಸಾರ್? ಡಿಪೊದಲ್ಲಿ ಒಪ್ಪಲಿಲ್ವಾ?"

"ಡಿಪೋಗೆ ಓಗೇ ಇಲ್ಲ ಮೇಡಂ." ಅವರು ವರದಿಯನ್ನು ಅವಳ ಕಡೆ ಚಾಚಿದರು. "ಇದರಲ್ಲಿ ಬರ್ದಿರೋದೆಲ್ಲ ಸರಿಯಾಗೇ ಐತೆ. ಆದ್ರೆ ನಂಗೆ ನೋವು ಬರೋದು ಓಡಿದಾಗಲ್ಲ. ಮಹಡಿ ಮೆಟ್ಲು ಹತ್ತಿದ್ರೆ ಬರಲ್ಲ, ನೀರಿನ ಕ್ಯಾನ್ ಹೊತ್ರೆ ಬರಲ್ಲ. ಕುಂತಿರುವಾಗ ಬತ್ತದೆ. ಸಿಟ್ಟು ಬಂದಾಗ."

ಕೆಂಪಯ್ಯ ಜೇಬಿನಿಂದ ಒಂದು ಪುಟ್ಟ ಡೈರಿ ತೆಗೆದರು. ಎರಡು ತಿಂಗಳಲ್ಲಿ ಐದು ಸಲ ಎದೆ ಹಿಡಿದಿತ್ತು. ಐದಕ್ಕೂ ತಾರೀಕು, ಹೊತ್ತು, ಜಾಗ ಗುರುತು ಹಾಕಿಕೊಂಡಿದ್ದರು. ಐದೂ ಸಲ ಅವರು ಸೀಟಿನಲ್ಲಿ ಕೂತೇ ಇದ್ದರು. ಐದೂ ಸಲ ಯಾರ ಮೇಲೋ ಕೂಗಾಡಿದ್ದರು. ಕಂಡಕ್ಟರನಿಗೆ ಗೊತ್ತಾಗಿದ್ದು ಕೊನೆಯದು ಮಾತ್ರ.

"ನಿನ್ನೇನೇ ಯಾಕೆ ಹೇಳ್ಲಿಲ್ಲ?"

"ಸಿಟ್ಟು ಅಂದ್ರೆ ಕಾಯ್ಲೆ ಅಂತಾರಾ ಮೇಡಂ? ನಗ್ತೀರೇನೋ ಅಂದ್ಕಂಡೆ. ಮನೆಗೋಗಿ ನೋಡ್ದೆ, ನಿದ್ದೆ ಬರ್ಲಿಲ್ಲ. ಈ ಪೇಪರ್ ಕೊಟ್ರೆ ನಾಳೆಯಿಂದ್ಲೇ ಗಾಡಿ ಕೊಡ್ತಾರೆ."

ಅದನ್ನೇ ಬಯಸಿ ಜನ ಬರುವುದು, ಬೇಡಿಕೊಳ್ಳುವುದು ಶಾಲಿನಿಗೆ ಹೊಸದಲ್ಲ. 'ಸ್ವಲ್ಪ ಅಡ್ಜಸ್ಟ್ ಮಾಡಿ ಮೇಡಂ' ಎಂದವರನ್ನು ಅವಳು ಲೆಕ್ಕವಿಲ್ಲದಷ್ಟು ಕಂಡಿದ್ದಳು. ಕೈಗೆ ಬಂದ ನಾರ್ಮಲ್ ವರದಿಯನ್ನು ವಾಪಸ್ಸು ತಂದವರನ್ನು ಮಾತ್ರ ಈ ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ. ಅವಳು ಅವರನ್ನು ಅಲ್ಲೇ ಕೂರಿಸಿ, ಡೈರಿ ತೆಗೆದುಕೊಂಡು ಡಾಕ್ಟರ್ ಸುದರ್ಶನರ ಕೋಣೆಗೆ ಹೋದಳು.

ಸುದರ್ಶನರ ಅಜ್ಜ, ಮುತ್ತಜ್ಜ ಎಲ್ಲ ಅರಮನೆಯಲ್ಲಿ ಪಂಡಿತರಾಗಿದ್ದವರು. ಡಾಕ್ಟರಿಗೂ ಆ ಮನೆತನದ ನಿಧಾನ ಬಂದಿತ್ತು. ಡೈರಿಯ ಐದು ಸಾಲನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು, "ಶಾಲಿನಿ, ನಾವು ಇವರ ಕಾಲನ್ನ ಪರೀಕ್ಷೆ ಮಾಡಿದ್ವಿ. ಪರೀಕ್ಷೆ ಮಾಡಬೇಕಾಗಿದ್ದು ಇವರ ಸಿಟ್ಟನ್ನ," ಎಂದರು. "ನಾಳೆ ಬರಹೇಳಿ. ಕೂರಿಸಿಕೊಂಡೇ ನೋಡೋಣ."

ಮರುದಿನ ಕೆಂಪಯ್ಯ ಹಾಸಿಗೆಯ ಮೇಲೆ ಒರಗಿ ಮಲಗಿದರು. ಎದೆಗೆ ವೈರು, ತೋಳಿಗೆ ಬಿ.ಪಿ. ಪಟ್ಟಿ. ಹೃದಯ ಮಿಡಿಯುವುದನ್ನು ಪರದೆಯ ಮೇಲೆ ತೋರಿಸುವ ಎಕೋ ಯಂತ್ರದ ಹಿಡಿ ಡಾಕ್ಟರ ಕೈಯಲ್ಲಿ. ಮೊದಲು ಲೆಕ್ಕ. ಐನೂರರಿಂದ ಏಳೇಳು ಕಳೆಯುತ್ತಾ ಹೋಗಬೇಕು. ನಾನೂರ ತೊಂಬತ್ತಮೂರು, ನಾನೂರ ಎಂಬತ್ತಾರು... ನಡುವೆ ಡಾಕ್ಟರು ಬೇಕೆಂದೇ "ಬೇಗ, ಬೇಗ" ಎಂದು ಅವಸರ ಮಾಡಿದರು. ಬಿ.ಪಿ. ಸ್ವಲ್ಪ ಏರಿತು, ಅಷ್ಟೇ.

"ಈಗ ಹೇಳಿ ಕೆಂಪಯ್ಯನವರೇ. ಇತ್ತೀಚೆಗೆ ನಿಮಗೆ ತುಂಬ ಸಿಟ್ಟು ಬಂದ ಒಂದು ಪ್ರಸಂಗ. ಬಿಡಿಸಿ ಹೇಳಿ."

ಕೆಂಪಯ್ಯ ಯಾರೋ ಬೈಕಿನವನ ಕಥೆ ಶುರು ಮಾಡಿದರು. ಅರ್ಧಕ್ಕೇ ನಿಲ್ಲಿಸಿದರು. "ಅದಲ್ಲ ಸಾರ್," ಎಂದರು. ಆಮೇಲೆ ಹೇಳಿದ್ದು ಬೇರೆ, ಡೈರಿಯಲ್ಲಿ ಬರೆಯದ್ದು.

ಅವತ್ತು ನಂಜುಮಳಿಗೆಯಲ್ಲಿ ಮೆರವಣಿಗೆ. ಬಸ್ಸು ಹನ್ನೆರಡು ನಿಮಿಷ ತಡ. ಮುಂದಿನ ಸ್ಟಾಪಿನಲ್ಲಿ ತಪಾಸಣೆಯ ಅಧಿಕಾರಿಯೊಬ್ಬ ಹತ್ತಿದ. ಕೆಂಪಯ್ಯನವರ ಮಗನಿಗಿಂತ ಚಿಕ್ಕವನು. ಯಾಕೆ ಏನು ಎಂದು ಕೇಳಲಿಲ್ಲ. ತುಂಬಿದ ಬಸ್ಸಿನಲ್ಲಿ, "ಸ್ಟೇರಿಂಗ್ ಹಿಡಿಯೋ ಯೋಗ್ಯತೆ ಇಲ್ದಿದ್ರೆ ಊರಿಗೆ ಹೋಗಿ ಎಮ್ಮೆ ಮೇಯಿಸೋ ಮುದುಕ," ಎಂದ.

"ಮುಂದ್ಗಡೆ ಸೀಟಲ್ಲಿ ನನ್ನ ಮೊಮ್ಮಗಳು ಕುಂತಿತ್ತು ಸಾರ್. ಸ್ಕೂಲಿಂದ ನನ್ ಗಾಡೀಲೇ ಬತ್ತಿತ್ತು. ತಾತನ ಬಸ್ಸು ಅಂತ ಎಲ್ರಿಗೂ ಹೇಳ್ಕಂಡು..." ಅವರ ದನಿ ತಗ್ಗುತ್ತಾ ಬಂತು. "ಅದು ಏನೂ ಕೇಳ್ಲಿಲ್ಲ. ಬ್ಯಾಗು ತಬ್ಕಂಡು ಕಿಟಕಿಯಾಚೆ ನೋಡ್ತಾ ಕುಂತ್ಕತು. ನಾನೂ ಏನೂ ಅನ್ಲಿಲ್ಲ. ಎರಡು ಕೈಲೂ ಸ್ಟೇರಿಂಗ್ ಇಡ್ಕಂಡು..."

ಮಾತಾಡುತ್ತಿದ್ದಂತೆ ಅವರ ಮುಷ್ಟಿ ಬಿಗಿದಿತ್ತು. ಶಾಲಿನಿಯ ಕಣ್ಣು ಪರದೆಯ ಮೇಲೆ. ಗೆರೆ ಕುಸಿಯತೊಡಗಿತು. ಮೊದಲು ಕಂಡೂ ಕಾಣದಂತೆ, ಆಮೇಲೆ ನಿಚ್ಚಳವಾಗಿ. ಬಿ.ಪಿ. ನೂರ ತೊಂಬತ್ತೆರಡು. ಡಾಕ್ಟರು ಎಕೋ ಪರದೆಯನ್ನು ಅವಳ ಕಡೆ ತಿರುಗಿಸಿದರು. ಮಿಡಿಯುವ ಹೃದಯದ ಕೆಳಗಿನ ಗೋಡೆಯ ಒಂದು ತುಂಡು ಉಳಿದದ್ದರ ಜೊತೆ ಹೆಜ್ಜೆ ಹಾಕಲಾರದೆ ಹಿಂದೆ ಬೀಳುತ್ತಿತ್ತು. ಹತ್ತೂವರೆ ನಿಮಿಷ ಓಡಿ ದಣಿಯದ ಹೃದಯ, ಮಲಗಿದಲ್ಲಿ ನಾಲ್ಕು ಮಾತಿಗೆ ಸೋಲುತ್ತಿತ್ತು.

"ಬಂತು ಸಾರ್," ಎಂದರು ಕೆಂಪಯ್ಯ ಎದೆ ಮುಟ್ಟಿಕೊಂಡು. ನೋವಿನ ನಡುವೆಯೂ ಮುಖದಲ್ಲಿ ಏನೋ ನಿರಾಳ. "ಇದೇ. ನಾನು ಹೇಳಿದ್ದು ಇದೇ ನೋವು."

ಡಾಕ್ಟರು ಅಲ್ಲಿಗೇ ನಿಲ್ಲಿಸಿ ನಾಲಿಗೆಯ ಕೆಳಗೆ ಮಾತ್ರೆ ಇಟ್ಟರು. ಎರಡು ಮೂರು ನಿಮಿಷದಲ್ಲಿ ಗೆರೆ ತನ್ನ ಮಟ್ಟಕ್ಕೆ ಬಂತು. ಶಾಲಿನಿ ಒದ್ದೆ ಹತ್ತಿಯಿಂದ ಎದೆಯ ಅಂಟು ಒರೆಸಿದಳು. ಮೊನ್ನೆ ಧೈರ್ಯವಾಗಿ ಹೋಗಿ ಎಂದವಳು ತಾನೇ ಅಲ್ಲವೇ.

ಮುಂದಿನ ವಾರ ಆಂಜಿಯೋಗ್ರಾಂ ಆಯಿತು. ದೊಡ್ಡ ರಕ್ತನಾಳಗಳಲ್ಲಿ ಹೇಳಿಕೊಳ್ಳುವಂಥ ಅಡಚಣೆ ಇರಲಿಲ್ಲ. ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ಓಡಿದಾಗ ಹೃದಯಕ್ಕೆ ಹೆಚ್ಚು ರಕ್ತ ಬೇಕು, ನಾಳಗಳು ಹಿಗ್ಗಿ ಕೊಡ್ತವೆ. ಸಿಟ್ಟು ಬಂದಾಗಲೂ ಹೆಚ್ಚು ಬೇಕು. ಆದರೆ ಕೆಲವರಲ್ಲಿ ಆಗ ಸಣ್ಣ ನಾಳಗಳು ಹಿಗ್ಗೋ ಬದಲು ಮುದುಡಿಕೊಳ್ತವೆ. ಎಲ್ಲರಿಗೂ ಹೀಗಾಗಲ್ಲ. ನಿಮಗೆ ಆಗ್ತಿದೆ. ಮಾತ್ರೆ ಕೊಡ್ತೀನಿ. ಅದು ಅರ್ಧ ಕೆಲಸ ಮಾಡುತ್ತೆ. ಇನ್ನರ್ಧ ನಿಮ್ಮದು. ಸದ್ಯಕ್ಕಂತೂ ಬಸ್ಸು ಓಡಿಸೋ ಹಾಗಿಲ್ಲ."

ಕೆಂಪಯ್ಯ ತಲೆಯಾಡಿಸಿದರು. ಅವರ ಹೆಂಡತಿ ಚಾಮುಂಡಮ್ಮ ಮಾತ್ರ ಹೊರಗೆ ಬಂದಮೇಲೆ ಶಾಲಿನಿಯ ಕೈ ಹಿಡಿದುಕೊಂಡರು. "ನೋಡಿ ಮೇಡಮ್ಮ, ನಾರ್ಮಲ್ ಅಂತ ಕೊಟ್ಟಿದ್ರಂತೆ, ಇವರೇ ವಾಪಸ್ ತಂದ್ಕೊಟ್ರಂತೆ! ಮೂವತ್ತೊಂದು ವರ್ಸದಿಂದ ಗಾಡಿ ಗಾಡಿ ಅಂತ ಪ್ರಾಣ ಬುಟ್ಟವ್ರು. ಯಾರಾದ್ರೂ ಇಂಗೆ ಮಾಡ್ಕತಾರಾ ಹೇಳಿ."

"ಹಿಂದ್ಗಡೆ ಅರವತ್ತು ಜನ ಇರ್ತಾರೆ ಕಣೇ," ಎಂದರು ಕೆಂಪಯ್ಯ. ದೊಡ್ಡ ಮಾತೇನೋ ಆಡಿದೆ ಎಂಬ ಭಾವ ಅವರಿಗಿರಲಿಲ್ಲ. ಹೆಂಡತಿಯ ಕೈಯಿಂದ ಚೀಲ ತೆಗೆದುಕೊಂಡು ಬಾಗಿಲ ಕಡೆ ನಡೆದರು.

ಡಿಪೊದವರು ಅವರನ್ನು ಸಿಟಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಮಾಡಿ ಕೂರಿಸಿದರು. ಬಸ್ಸುಗಳು ಬರುವ ಹೋಗುವ ಹೊತ್ತು ಬರೆದುಕೊಳ್ಳುವುದು, ತಡವಾಗಿ ಬಂದ ಡ್ರೈವರಿಗೆ ತಡ ಎಂದು ಹೇಳುವುದು. ಮೊದಲು ಬೈಸಿಕೊಳ್ಳುತ್ತಿದ್ದವರು ಈಗ ಬೈಯುವ ಜಾಗಕ್ಕೆ ಬಂದಿದ್ದರು. ಹದಿನೈದು ದಿನಕ್ಕೊಮ್ಮೆ ಬಿ.ಪಿ. ತೋರಿಸಲು ಚಿಕಿತ್ಸಾಲಯಕ್ಕೆ ಬರುತ್ತಿದ್ದರು. ಶಾಲಿನಿ ತೋಳಿಗೆ ಪಟ್ಟಿ ಸುತ್ತುತ್ತಾ ಸುದ್ದಿ ಕೇಳುತ್ತಿದ್ದಳು.

ಮೊದಲ ತಿಂಗಳು ಸುದ್ದಿ ಚೆನ್ನಾಗಿರಲಿಲ್ಲ. ಪ್ರಸಾದ್ ಎಂಬ ಹೊಸ ಡ್ರೈವರ್ ಹದಿನೈದು ನಿಮಿಷ ತಡವಾಗಿ ಬಂದು, ಕೇಳಿದ್ದಕ್ಕೆ ಎಗರಾಡಿದನಂತೆ. ಕೆಂಪಯ್ಯ ಕುರ್ಚಿ ಒದ್ದು ಎದ್ದಿದ್ದರು. ಬಾಯಿಗೆ ಬಂದದ್ದೆಲ್ಲ ಅಂದರು. ಎದೆ ಹಿಡಿದುಕೊಂಡಿತು. ಮಾತ್ರೆ ಇಟ್ಟುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು.

"ಆಮೇಲೆ?"

"ಕುಂತಿದ್ನಲ್ಲ ಮೇಡಂ, ಆಗ ಒಂದು ಜ್ಞಾಪ್ಕ ಬಂತು. ನಾನು ಅವನಿಗೆ ಅಂದ ಮಾತು ಎಲ್ಲಿಂದ ಬಂತು ಅಂತ. ಅದೇ ಎಮ್ಮೆ ಮಾತು. ನನ್ ಬಾಯಲ್ಲಿ." ಅವರು ತಲೆ ತಗ್ಗಿಸಿದರು. "ಮಾರನೇ ದಿನ ಎಲ್ಲ ಡ್ರೈವರ್‌ಗಳು ಟೀ ಕುಡೀತಿದ್ರು. ಓಗಿ ಅಂದೆ, ಪ್ರಸಾದಪ್ಪ, ನಿನ್ನೆ ನಾನು ಅಂದಿದ್ದು ತಪ್ಪು, ಎಲ್ರ ಮುಂದೆ ಅಂದಿದ್ದೆ, ಎಲ್ರ ಮುಂದೇನೇ ಹೇಳ್ತಿದೀನಿ ಅಂತ. ಅವನು ಗ್ಲಾಸು ಇಡ್ಕಂಡು ಅತ್ತೇಬುಟ್ಟ ಮೇಡಂ. ಬೆಳಿಗ್ಗೆ ತಿಂಡೀನೂ ತಿಂದಿರ್ಲಿಲ್ವಂತೆ. ತಿಂದು ಬರೋಕೆ ಹೊತ್ತೇ ಇರಲ್ಲ, ಅಣ್ಣ, ಅಂದ."

ಸಿಟ್ಟನ್ನು ಗೆಲ್ಲುವುದು ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದೇ ಶಾಲಿನಿ ತಿಳಿದಿದ್ದಳು. ಅವಳೂ ಮನೆಯಲ್ಲಿ, ಕೆಲಸದಲ್ಲಿ ಹಾಗೇ ನುಂಗಿಕೊಂಡು ಬಂದವಳು. ಕೆಂಪಯ್ಯ ಮಾಡಿದ್ದು ಬೇರೆ. ನುಂಗಿದ ಸಿಟ್ಟೂ ಅವರ ಎದೆಯಲ್ಲಿತ್ತು, ಉಗುಳಿದ ಸಿಟ್ಟೂ ಎದೆಗೇ ಬಂದಿತ್ತು. ಎರಡನ್ನೂ ಬಿಟ್ಟು ಅವರು, ಎಲ್ಲರಿಗೂ ಇಷ್ಟೊಂದು ಸಿಟ್ಟು ಯಾಕೆ ಬರುತ್ತದೆ ಎಂದು ಹುಡುಕಲು ಹೊರಟರು.

ಸಿಟಿ ನಿಲ್ದಾಣದಿಂದ ಶ್ರೀರಾಂಪುರಕ್ಕೆ ಒಂದು ಸಲ ಹೋಗಲು ಕೊಟ್ಟಿದ್ದ ಸಮಯ ಇಪ್ಪತ್ತೆಂಟು ನಿಮಿಷ. ಅದನ್ನು ಗೊತ್ತು ಮಾಡಿದ ಕಾಲದಲ್ಲಿ ದಾರಿಯಲ್ಲಿ ಇಷ್ಟು ಸಿಗ್ನಲ್ ಇರಲಿಲ್ಲ, ಆ ಕಡೆಯ ಬಡಾವಣೆಗಳಲ್ಲಿ ಅರ್ಧ ನಿವೇಶನ ಖಾಲಿ ಬಿದ್ದಿದ್ದವು, ಬಸ್ಸಿಗೆ ಹತ್ತುವ ಜನವೂ ಅರ್ಧ. ಕೆಂಪಯ್ಯ ತಮ್ಮ ರಜೆಯ ದಿನಗಳಲ್ಲಿ ಕೈಗಡಿಯಾರ ಕಟ್ಟಿಕೊಂಡು ಬಸ್ಸು ಹತ್ತಿದರು. ಡ್ರೈವರ ಹಿಂದಿನ ಸೀಟಿನಲ್ಲಿ ಕೂತು ಪ್ರತಿ ಸ್ಟಾಪಿನ ಹೊತ್ತು ಬರೆದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಮಳೆಯಲ್ಲಿ, ಸಂತೆಯ ದಿನ, ಶಾಲೆ ಬಿಡುವ ಹೊತ್ತಿನಲ್ಲಿ. ಶ್ರೀರಾಂಪುರ ಮುಗಿಸಿ ಉದಯಗಿರಿಯ ದಾರಿ ಹಿಡಿದರು. ಎರಡು ತಿಂಗಳಲ್ಲಿ ತೊಂಬತ್ತು ಚಿಲ್ಲರೆ ಟ್ರಿಪ್ಪು. ಅಷ್ಟರಲ್ಲಿ ಶ್ರೀರಾಂಪುರಕ್ಕೆ ಇಪ್ಪತ್ತೆಂಟು ನಿಮಿಷಕ್ಕೆ ತಲುಪಿದ್ದು ಎರಡೇ ಎರಡು, ಅವೂ ಭಾನುವಾರದ ಮುಂಜಾನೆ. ಉಳಿದವು ನಲವತ್ತರ ಆಸುಪಾಸು.

ಆ ಹಾಳೆಗಳನ್ನು ಅವರು ಮೊದಲು ತಂದು ತೋರಿಸಿದ್ದು ಶಾಲಿನಿಗೆ. "ನೀವು ಗೆರೆ ನೋಡೋರು. ಇದನ್ನ ಗೆರೆ ಎಳ್ಕೊಡಿ ಮೇಡಂ. ದೊಡ್ಡೋರು ಅಂಕಿ ಓದಲ್ಲ, ಗೆರೆ ಆದ್ರೆ ನೋಡ್ತಾರೆ."

ಒಂದು ಶನಿವಾರ ಮಧ್ಯಾಹ್ನ ಇಬ್ಬರೂ ಟ್ರೆಡ್‌ಮಿಲ್ ಕೋಣೆಯ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತರು. ಅವರು ಓದಿದರು, ಅವಳು ಕಂಪ್ಯೂಟರಿನಲ್ಲಿ ನಕ್ಷೆ ಮಾಡಿದಳು. ಕೊಟ್ಟ ಸಮಯದ ಗೆರೆ ಕೆಳಗೆ ಮಟ್ಟಸವಾಗಿ ಮಲಗಿತ್ತು. ನಿಜವಾಗಿ ಹಿಡಿದ ಸಮಯದ ಗೆರೆ ಅದರ ಮೇಲೆ ಬೆಟ್ಟದಂತೆ ಎದ್ದಿತ್ತು. ಶಾಲಿನಿ ಕೀಬೋರ್ಡಿನಿಂದ ಕೈ ತೆಗೆದು ನೋಡುತ್ತಾ ಕೂತಳು. ಎಂಟರ ಬಸ್ಸಿನಲ್ಲಿ ತಾನು ಕೇಳಿದ ಒಂದೊಂದು ಗದರಿಕೆಯೂ ಆ ಎರಡು ಗೆರೆಗಳ ನಡುವಿನ ಹನ್ನೆರಡು ನಿಮಿಷದಿಂದ ಎದ್ದು ಬಂದದ್ದೆಂದು ಅವಳಿಗೆ ಈಗ ಅರ್ಥವಾಯಿತು. ನಾಚಿಕೆಯಾಯಿತು. "ನಾನೂ ನಿಮ್ಮ ಬಸ್ಸಿಗೇ ಬರ್ತಿದ್ದೆ ಸಾರ್. ಒಂದ್ಸಲ ಬೈಸಿಕೊಂಡಿದೀನಿ ಕೂಡ," ಎಂದಳು.

ಕೆಂಪಯ್ಯ ಗಾಬರಿಯಾದರು. "ಅಯ್ಯೋ! ಯಾವತ್ತು? ಏನಂದೆ?"

"ಬಿಡಿ, ಸಿಗ್ನಲ್ಲಿನಲ್ಲಿ ಹತ್ತಿದ್ದು ನನ್ನದೇ ತಪ್ಪು."

"ತಪ್ಪು ನಿಮ್ದೇ ಇರ್ಲಿ ಮೇಡಂ, ಹೇಳೋಕೆ ಒಂದು ರೀತಿ ಇರ್ತದೆ," ಎಂದು ಕೈ ಮುಗಿದರು.

ಡಿಪೊ ಮ್ಯಾನೇಜರ್ ಮೊದಲ ಸಲ ಹಾಳೆ ತೆರೆಯಲಿಲ್ಲ. ಎರಡನೆಯ ಸಲ, "ಇದೆಲ್ಲ ನಿಮ್ಮ ಕೆಲಸ ಅಲ್ಲ ಕಣ್ರೀ," ಎಂದರು. ಆ ಮಾತಿಗೆ ಮೊದಲಿನ ಕೆಂಪಯ್ಯ ಮೇಜು ಗುದ್ದುತ್ತಿದ್ದರು. ಈ ಕೆಂಪಯ್ಯ, "ಸರಿ ಸಾರ್, ನಾಳೆ ಬತ್ತೀನಿ," ಎಂದು ಎದ್ದು, ಹೊರಗೆ ಬಂದು ಡಿಪೊದ ಸುತ್ತ ಎರಡು ಸುತ್ತು ಬಿರುಸಾಗಿ ನಡೆದು, ಎದೆ ಹಗುರಾದ ಮೇಲೆ ಮನೆಗೆ ಹೋದರು. ಮಾರನೆಯ ದಿನ ಮತ್ತೆ ಹೋದರು, ಅದರ ಮಾರನೆಯ ದಿನವೂ. ಆರನೆಯ ಸಲ ಮ್ಯಾನೇಜರಿಗೇ ಸುಸ್ತಾಗಿ, "ನಡೀರಿ, ನಾನೇ ಒಂದು ಟ್ರಿಪ್ ಬಂದು ನೋಡ್ತೀನಿ," ಎಂದರು. ಸಂಜೆ ಐದೂವರೆಗೆ ಹತ್ತಿದವರು ನಲವತ್ತಮೂರು ನಿಮಿಷ ನಿಂತುಕೊಂಡೇ ಶ್ರೀರಾಂಪುರ ತಲುಪಿದರು. ಇಳಿದು ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಂಡು, "ಆ ನಕ್ಷೆ ಕೊಡಿ," ಎಂದರಂತೆ.

ಮುಂದಿನ ತಿಂಗಳು ಆ ದಾರಿಗೆ ಹತ್ತು ನಿಮಿಷ ಹೆಚ್ಚಿಗೆ ಸಿಕ್ಕಿತು. ಉದಯಗಿರಿಯ ದಾರಿಗೆ ಎಂಟು. ಪತ್ರಿಕೆಯಲ್ಲಿ ಬರುವಂಥ ಸುದ್ದಿಯಲ್ಲ. ಆದರೆ ಪ್ರಸಾದ್ ಈಗ ತಿಂಡಿ ತಿಂದು ಗಾಡಿ ಹತ್ತುತ್ತಿದ್ದ.

ಆರು ತಿಂಗಳಾದ ಮೇಲೆ ಸುದರ್ಶನರು ಮತ್ತೆ ಅದೇ ಪರೀಕ್ಷೆ ಮಾಡಿದರು. ಅದೇ ಹಾಸಿಗೆ, ಅದೇ ವೈರು, ಅದೇ ಪ್ರಸಂಗ. ಕೆಂಪಯ್ಯ ಅಧಿಕಾರಿಯ ಮಾತನ್ನು, ಮೊಮ್ಮಗಳ ಬ್ಯಾಗನ್ನು ಮತ್ತೆ ಹೇಳಿದರು. ಶಾಲಿನಿ ಉಸಿರು ಹಿಡಿದು ನೋಡಿದಳು. ಈ ಸಲ ನೋವು ಬರಲಿಲ್ಲ. ಬಿ.ಪಿ. ಏರಿದ್ದೂ ನೂರ ಐವತ್ತೆಂಟಕ್ಕೆ ನಿಂತಿತು. ಆದರೆ ಗೆರೆ ಪೂರ್ತಿ ನೆಟ್ಟಗೆ ಉಳಿಯಲಿಲ್ಲ. ಒಂದಿಷ್ಟು ಕುಸಿದು, ಮತ್ತೆ ತಾನಾಗಿ ಮೇಲೆ ಬಂತು.

ಡಾಕ್ಟರು ಸುತ್ತಿಬಳಸಿ ಹೇಳಲಿಲ್ಲ. "ತುಂಬ ಸುಧಾರಿಸಿದೆ ಕೆಂಪಯ್ಯನವರೇ. ನಿಮ್ಮ ಜೀವಕ್ಕೆ ಇದು ಬಹಳ ಒಳ್ಳೆ ಸುದ್ದಿ. ಆದರೆ ಜನ ತುಂಬಿದ ಬಸ್ಸಿಗೆ ನಾನು ಫಿಟ್ ಅಂತ ಬರೆಯಲಾರೆ. ಇನ್ನು ಮುಂದೂ ಬರೆಯೋದು ಕಷ್ಟ."

ಕೆಂಪಯ್ಯ ಷರಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು. ಕಣ್ಣು ತುಂಬಿದ್ದನ್ನು ಅಡಗಿಸಲು ಹೋಗಲಿಲ್ಲ. "ಇರ್ಲಿ ಸಾರ್. ಬರೀಬ್ಯಾಡಿ," ಎಂದರು. "ಬರೀರಿ ಅಂತ ಕೇಳೋ ಆಸೆ ಐತೆ. ಅದ್ಕೇ ನಾನೇ ಹೇಳ್ತಿದೀನಿ, ಬರೀಬ್ಯಾಡಿ."

ಅವತ್ತಿನಿಂದ ಶಾಲಿನಿ ತನ್ನ ಕೋಣೆಗೆ ಒಂದು ಹೊಸ ಪದ್ಧತಿ ತಂದಳು. ಗೆರೆ ಎಷ್ಟೇ ನೆಟ್ಟಗಿರಲಿ, ವರದಿ ಕೈಗೆ ಕೊಡುವ ಮೊದಲು ಎದುರಿನವರನ್ನು ಕೂರಿಸಿ, ನೋವು ಯಾವಾಗ ಬರುತ್ತದೆ, ಆಗ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುತ್ತಾಳೆ. ಹೆಚ್ಚಿನವರು ನಗುತ್ತಾರೆ. ಕೆಲವರು ನಗುವುದಿಲ್ಲ.

ಮೊನ್ನೆ ಮನೆಗೆ ಹೋಗಲು ಅವಳು ಸಿಟಿ ನಿಲ್ದಾಣದಲ್ಲಿ ಬಸ್ಸು ಕಾಯುತ್ತಿದ್ದಳು. ಕಂಟ್ರೋಲರ್ ಗೂಡಿನ ಮುಂದೆ ಒಬ್ಬ ಡ್ರೈವರ್ ಕೈ ಬೀಸಿ ಕಿರುಚುತ್ತಿದ್ದ. ಯಾರೋ ಕಾರಿನವನು ಕನ್ನಡಿ ಒಡೆದು ಹೋದನಂತೆ, ಪೊಲೀಸರು ಇವನನ್ನೇ ಅರ್ಧ ಗಂಟೆ ನಿಲ್ಲಿಸಿದರಂತೆ. ಸಿಟ್ಟೆಲ್ಲ ಕೆಂಪಯ್ಯನವರ ಮೇಲೆ ಸುರಿಯುತ್ತಿತ್ತು. ಶಾಲಿನಿಯ ಕಣ್ಣು ಅಭ್ಯಾಸಬಲದಿಂದ ಅವರ ಕುತ್ತಿಗೆಯ ನರದ ಮೇಲೆ, ಬೆರಳುಗಳ ಮೇಲೆ ಹೋಯಿತು. ಬೆರಳು ಸಡಿಲವಾಗಿದ್ದವು. ಅವರು ಅವನ ಮಾತು ಪೂರ್ತಿ ಮುಗಿಯುವವರೆಗೆ ಕೇಳಿದರು, ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ. ಆಮೇಲೆ ತಮ್ಮ ಕುರ್ಚಿಯನ್ನೇ ಅವನ ಕಡೆ ತಳ್ಳಿದರು.

"ಕುಂತ್ಕೊ ಸಿದ್ದು. ನೀರು ಕುಡಿ. ನೀನು ಐದು ನಿಮಿಷ ಲೇಟಾಗೇ ಹೊರಡು, ಯಾಕೆ ಅಂತ ನಾ ಬರ್ಕೋತೀನಿ."